ನಾಯಿಯೊಡನೆ ಬಂದವರಿಗೆ ಬಿಡಾರ

ಆಷಾಢದ ಆ ಸಂಜೆ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿದೆಯೆಂಬ ವರ್ತಮಾನವು ನಮಗೆ ತಿಳಿದದ್ದು ಸಕಲೇಶಪುರವನ್ನು ಮುಟ್ಟಿದ ಮೇಲೆ. ಮಂಗಳೂರಿನ ಕಡೆಗೆ ಹೊರಟಿದ್ದ ಲಾರಿಗಳು ಪೇಟೆಯ ಆಚೆಯವರೆಗೂ ಸಾಲುಗಟ್ಟಿ ನಿಂತಿದ್ದುವು. ಹೇಮಾವತಿಯು ಕೆಮ್ಮಣ್ಣಿನ ಬಣ್ಣ ತಾಳಿ ದಡದ ಗಿಡಗಂಟಿಗಳನ್ನು ಸೆಳೆದುಕೊಂಡು ಹರಿಯುತ್ತಿದ್ದಿತು. ಮಧ್ಯಾಹ್ನದಿಂದ ಹಿಡಿದ ಮಳೆಗೆ ಬಿಡುವೆಂಬುದೇ ಇರಲಿಲ್ಲ. ಪುತ್ತೂರಿನಲ್ಲಿ ಹಾಸಿಗೆ ಹಿಡಿದಿದ್ದ ಸೋದರತ್ತೆಯನ್ನು ನೋಡಿಬರಲೆಂದು ಹೊರಟಿದ್ದ ನಾನೂ ನನ್ನ ಹೆಂಡತಿಯೂ, ನಮ್ಮೊಡನೆ 9 ವರ್ಷದ ಕೆಂಚಿಯೂ ಆ ರಾತ್ರಿಯನ್ನು ಅಲ್ಲಿಯೇ ಕಳೆಯಬೇಕಾಯಿತು. ಕೆಂಚಿ ನಮ್ಮ ನಾಯಿ. ಬೆಂಗಳೂರಿನ ನಮ್ಮ ಬೀದಿಯ ಮೋರಿಯ ಪಕ್ಕದಲ್ಲಿ ಹುಟ್ಟಿ, ಒಡಹುಟ್ಟಿದ ಮರಿಗಳಲ್ಲಿ ತಾನೊಬ್ಬಳೇ ಉಳಿದು, ಮೂರನೆಯ ತಿಂಗಳಿನಲ್ಲಿ ನಮ್ಮ ಮನೆಯ ಮೆಟ್ಟಿಲನ್ನು ತಾನಾಗಿ ಹತ್ತಿ ಬಂದವಳು. ಮೊದಮೊದಲು ಊರಿಗೆ ಹೋಗುವಾಗ ಅವಳನ್ನು ನಾಯಿಗಳನ್ನು ನೋಡಿಕೊಳ್ಳುವವರ ಬಳಿಯಲ್ಲಿ ಬಿಟ್ಟುಹೋಗಿದ್ದುಂಟು. ಮೂರು ದಿನ ಅನ್ನ ಮುಟ್ಟದೆ ಗೇಟಿನೆದುರು ಮಲಗಿದ್ದಳೆಂದು ತಿಳಿದಂದಿನಿಂದ ಅವಳನ್ನು ಬಿಟ್ಟು ಪ್ರಯಾಣ ಮಾಡುವ ಯೋಚನೆಯನ್ನೇ ಕೈಬಿಟ್ಟೆವು.

ಮೊದಲನೆಯ ವಸತಿಗೃಹದಲ್ಲಿ ಕೋಣೆಗಳೆಲ್ಲ ತುಂಬಿದ್ದುವು. ಎರಡನೆಯದರಲ್ಲಿ ನಾಯಿಯೆಂಬ ಮಾತು ಕೇಳಿದೊಡನೆ ಕಾವಲುಗಾರನೇ ಕೈಯಾಡಿಸಿದನು. ಮೂರನೆಯದರಲ್ಲಿ, ಗೋಡೆಯ ಹಲಗೆಯಿಂದ ಬೀಗದಕೈಯೊಂದನ್ನು ತೆಗೆದು ಮೇಜಿನ ಮೇಲೆ ನಮ್ಮೆಡೆಗೆ ಸರಿಸಿದ್ದ ಗುಮಾಸ್ತರು, ನಮ್ಮ ಜೊತೆಯಲ್ಲಿ ಒಂದು ನಾಯಿಯೂ ಇದೆಯೆಂದು ನಾನು ಹೇಳಿದ ಮೇಲೆ ಒಂದು ಕ್ಷಣ ಸುಮ್ಮನಿದ್ದು, ಸರಿಸಿದ ಅದೇ ಬೆರಳುಗಳಿಂದ ಅದನ್ನು ಮರಳಿ ಎಳೆದುಕೊಂಡರು.

“ತಪ್ಪು ತಿಳ್ಕೋಬೇಡಿ ಸಾರ್. ನಾಯಿಗೆ ಪರ್ಮಿಷನ್ ಇಲ್ಲ. ನನ್ನ ಕೆಲ್ಸಕ್ಕೇ ಬರುತ್ತೆ.”

ಆ ಧ್ವನಿಯಲ್ಲಿ ತಿರಸ್ಕಾರವಿರಲಿಲ್ಲ, ಸಂಕೋಚವಿದ್ದಿತು. ಆದರೂ ಮರಳಿ ಸರಿದುಹೋದ ಆ ಬೀಗದಕೈಯನ್ನು ನಾನು ಮರೆತಿಲ್ಲ. ಹೊರಗೆ ಬಂದು ನೋಡಿದರೆ, ಕಾರಿನ ಗಾಜಿಗೆ ಮೂಗನ್ನೊತ್ತಿ, ತನ್ನ ಉಸಿರಿನಿಂದ ಮಂಜಾದ ಆ ಗಾಜಿನ ಹಿಂದಿನಿಂದ, ತನ್ನ ವಿಚಾರವಾಗಿಯೇ ಒಳಗೆ ಮಾತು ನಡೆದುದೆಂಬುದರ ಅರಿವಿಲ್ಲದೆ, ಕೆಂಚಿ ಬಾಲವನ್ನು ಆಡಿಸುತ್ತಿದ್ದಳು.

ನಮ್ಮ ಮಹಾಭಾರತವು ಹೊರಗಟ್ಟಲ್ಪಟ್ಟ ಒಂದು ನಾಯಿಯ ಪ್ರಸಂಗವನ್ನು ತನ್ನ ಮೊದಲಲ್ಲಿಯೂ ಅಂಥದೇ ಇನ್ನೊಂದನ್ನು ತನ್ನ ಕೊನೆಯಲ್ಲಿಯೂ ಇರಿಸಿಕೊಂಡಿರುವುದನ್ನು ನಾವು ಬಹುಮಂದಿ ಗಮನಿಸುವುದಿಲ್ಲ. ಆದಿಪರ್ವದ ಆರಂಭಭಾಗದಲ್ಲಿಯೇ, ಕುರುಕ್ಷೇತ್ರದಲ್ಲಿ ಜನಮೇಜಯನು ಸತ್ರಯಾಗವನ್ನು ನಡೆಸುತ್ತಿರುವಲ್ಲಿಗೆ ದೇವಶುನಿಯಾದ ಸರಮೆಯ ಮರಿಯೊಂದು ಬರುತ್ತದೆ. ರಾಜನ ತಮ್ಮಂದಿರು ಅದನ್ನು ಹೊಡೆದು ಓಡಿಸುತ್ತಾರೆ. ಅಳುತ್ತ ಬಂದ ಮರಿಯು ತಾಯಿಯ ಮುಂದೆ ಹೇಳುವುದಿಷ್ಟೆ: ತಾನು ಹವಿಸ್ಸನ್ನು ನೆಕ್ಕಲಿಲ್ಲ, ಅದರ ಕಡೆಗೆ ನೋಡಲೂ ಇಲ್ಲ. ಸರಮೆಯು ಯಾಗಶಾಲೆಗೇ ಬಂದು, ತಪ್ಪಿಲ್ಲದ ಮರಿಯನ್ನು ಹೊಡೆದುದೇಕೆಂದು ಕೇಳುತ್ತಾಳೆ. ಯಾರೊಬ್ಬರೂ ಉತ್ತರ ಕೊಡುವುದಿಲ್ಲ. ಕಾಣದ ಕಡೆಯಿಂದ ನಿಮಗೆ ಭಯವು ಬಂದೊದಗಲೆಂದು ಆಕೆ ಶಪಿಸಿ ಹೋಗುತ್ತಾಳೆ. ಹದಿನೇಳನೆಯದಾದ ಮಹಾಪ್ರಸ್ಥಾನಿಕ ಪರ್ವಕ್ಕೆ ಬಂದರೆ, ಹಸ್ತಿನಾವತಿಯಿಂದ ಹಿಂಬಾಲಿಸಿಕೊಂಡು ಬಂದ ನಾಯಿಯೊಂದು, ದ್ರೌಪದಿಯೂ ನಾಲ್ವರು ತಮ್ಮಂದಿರೂ ಒಬ್ಬೊಬ್ಬರಾಗಿ ದಾರಿಯಲ್ಲಿ ಬಿದ್ದ ಮೇಲೆಯೂ ಧರ್ಮರಾಯನ ಹೆಜ್ಜೆಯನ್ನು ಬಿಡದೆ ನಡೆದಿರುತ್ತದೆ. ರಥವನ್ನು ತಂದ ಇಂದ್ರನು ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ನೆಲೆಯಿಲ್ಲವೆಂದು ನಿಯಮವನ್ನು ಹೇಳುತ್ತಾನೆ. ನೆಚ್ಚಿ ಬಂದುದನ್ನು ಬಿಟ್ಟು ಬರಲಾರೆನೆಂದು ಧರ್ಮರಾಯನು ನಿಂತುಬಿಡುತ್ತಾನೆ. ಕುಮಾರವ್ಯಾಸನು ತನ್ನ ಭಾರತವನ್ನು ಗದಾಪರ್ವದೊಡನೆ ನಿಲ್ಲಿಸಿದುದರಿಂದ ಗಮಕದ ಹಾದಿಯಲ್ಲಿ ಕಥೆ ಕೇಳಿ ಬೆಳೆದ ನಮ್ಮಲ್ಲಿ ಅನೇಕರಿಗೆ ಈ ಭಾಗವು ಅಷ್ಟಾಗಿ ಕಿವಿಗೆ ಬಿದ್ದಿಲ್ಲ. ಉಳಿದ ಪರ್ವಗಳನ್ನು ಮುಂದೆ ವಿಜಯನಗರದಲ್ಲಿ ತಿಮ್ಮಣ್ಣ ಕವಿಯು ಪೂರೈಸಿದನು. ಆ ಸಂಜೆ ವೈಪರ್‌ಗಳ ಸದ್ದಿನ ನಡುವೆ ಕುಳಿತಿದ್ದ ನನಗೆ ನೆನಪಾದದ್ದು ಇಂದ್ರನ ಮಾತು. ಅವನು ಕ್ರೂರಿಯಾಗಿ ಅದನ್ನು ಆಡಿದವನಲ್ಲ; ಶುಚಿಯ ನಿಯಮವೊಂದನ್ನು ಕಾಯಬೇಕಾದ ಸ್ಥಾನದಲ್ಲಿದ್ದು ಆಡಿದನು.

ವಸತಿಗೃಹದವರ ಕಡೆಯ ಮಾತನ್ನು ಪೂರ್ತಿಯಾಗಿ ಕೇಳದೆ ನಾಯಿಯ ಪಕ್ಷವನ್ನು ವಹಿಸುವುದು ನ್ಯಾಯವಲ್ಲವೆಂದು ನನಗೆ ಈಚಿನ ವರ್ಷಗಳಲ್ಲಿ ಹೆಚ್ಚು ಹೆಚ್ಚಾಗಿ ತೋರುತ್ತದೆ. ಅವರ ನಿರಾಕರಣೆಯ ಕೆಳಗೆ ಒಂದು ಹಳೆಯ ಭಯವಿದೆ. ನನ್ನ ತಂದೆಯವರು ಹುಡುಗತನದಲ್ಲಿ ನಾಯಿ ಕಚ್ಚಿದ್ದರಿಂದ ಹೊಕ್ಕುಳ ಸುತ್ತ 14 ಇಂಜೆಕ್ಷನ್‌ಗಳನ್ನು ದಿನಕ್ಕೊಂದರಂತೆ ತೆಗೆದುಕೊಂಡಿದ್ದರು. ಎಂಬತ್ತು ದಾಟಿದ ಮೇಲೆಯೂ ಆ ಮಾತು ಬಂದಾಗ ಅವರ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಗುತ್ತಿತ್ತು. ಕೂನೂರಿನಲ್ಲಿ 1907ರಲ್ಲಿ ಪಾಸ್ಚರ್ ಸಂಸ್ಥೆ ಸ್ಥಾಪಿತವಾದ ಮೇಲೆ ದಕ್ಷಿಣದಲ್ಲಿ ಹುಚ್ಚುನಾಯಿ ಕಡಿತದ ಚಿಕಿತ್ಸೆಗೊಂದು ದಾರಿಯಾಯಿತೆನ್ನುವುದು ನಿಜ; ಆದರೆ ಪ್ರಾಣಿಯ ಮೆದುಳಿನ ಅಂಶದಿಂದ ಸಿದ್ಧವಾಗುತ್ತಿದ್ದ ಆ ನೋವಿನ ಲಸಿಕೆಯು ನಮ್ಮ ದೇಶದಲ್ಲಿ ಪೂರ್ಣವಾಗಿ ನಿಂತು, ತೋಳಿಗೆ ಚುಚ್ಚುವ ಈಗಿನ ಲಸಿಕೆಯೇ ಎಲ್ಲೆಡೆಯಲ್ಲಿಯೂ ಬಂದದ್ದು ಈ ಶತಮಾನದ ಆರಂಭದ ವರ್ಷಗಳಲ್ಲಿ. ಲಕ್ಷಣಗಳು ಒಮ್ಮೆ ತೋರಿದುವೆಂದರೆ ಈ ರೋಗದಿಂದ ಬದುಕಿ ಉಳಿಯುವವರು ಇಲ್ಲವೆನ್ನುವಷ್ಟು ವಿರಳ. ಹೀಗಿರುವಲ್ಲಿ, ಮೊಗಸಾಲೆಯಲ್ಲಿ ನಾಯಿಯನ್ನು ಕಂಡು ಮಗುವನ್ನು ಎತ್ತಿಕೊಂಡು ಹಿಂದೆ ಸರಿಯುವ ತಾಯಿಯೊಬ್ಬಳನ್ನು ಅಜ್ಞಾನಿಯೆಂದು ನಾನು ಕರೆಯಲಾರೆ. ಅವಳ ಭಯಕ್ಕೆ ನಾನು ಕೊಡಬಹುದಾದ ಉತ್ತರವೆಂದರೆ ಕೆಂಚಿಯ ಲಸಿಕೆಯ ಪುಸ್ತಕ. ಪಶುವೈದ್ಯರ ಮೊಹರೂ ತಾರೀಖೂ ಇರುವ ಆ ಪುಸ್ತಕವನ್ನು ನನ್ನ ಆಧಾರ್ ಕಾರ್ಡಿನ ಜೊತೆಯಲ್ಲಿಯೇ ಮೇಜಿನ ಮೇಲೆ ಇಡುವುದು ಈಗ ನನಗೆ ಅಭ್ಯಾಸವಾಗಿದೆ. ಕೇಳುವ ಮುಂಚೆಯೇ ಇಟ್ಟಾಗ ಎದುರಿಗಿರುವವರ ಮುಖ ಸ್ವಲ್ಪ ಸಡಿಲವಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಭಯಕ್ಕಿಂತ ಮಿಗಿಲಾದ ಕಾರಣ ಇನ್ನೊಂದಿದೆ. ಅದನ್ನು ಮಾಲೀಕರು ಬಾಯಿಬಿಟ್ಟು ಹೇಳುವುದು ಕಡಿಮೆ. ನಾಯಿ ಇದ್ದು ಹೋದ ಕೋಣೆಯನ್ನು ಮತ್ತೆ ಮನುಷ್ಯರಿಗೆ ಒಪ್ಪುವಂತೆ ಮಾಡುವ ಕೆಲಸವು ಮಾಲೀಕರದಲ್ಲ, ಗುಮಾಸ್ತರದೂ ಅಲ್ಲ. ಬೆಳಿಗ್ಗೆ ಹನ್ನೊಂದಕ್ಕೂ ಹನ್ನೆರಡಕ್ಕೂ ನಡುವೆ ಪೊರಕೆ, ಫಿನಾಯಿಲು, ಬಕೆಟ್ಟುಗಳೊಡನೆ ಬರುವ ಹೆಂಗಸಿನದು ಅಥವಾ ಹುಡುಗನದು. ಹಾಸಿಗೆಯ ಹೊದಿಕೆಗೆ ನೇಯ್ದಂತೆ ಹತ್ತಿಕೊಂಡ ಕೂದಲನ್ನು ಒಗೆತದಲ್ಲಿಯೂ ಬಿಡಿಸುವುದು ಕಷ್ಟ. ಕಂಬಳಿಯ ಅಂಚಿಗೋ ಪರದೆಯ ತುದಿಗೋ ನಾಯಿ ಮೂತ್ರ ಮಾಡಿದ್ದರೆ ಆ ವಾಸನೆ ತೊಳೆದ ಮೇಲೆಯೂ ಉಳಿದು, ಮುಂದೆ ಬರುವ ನಾಯಿಗೆ ಅದೇ ಸ್ಥಳವನ್ನು ತೋರಿಸಿಕೊಡುತ್ತದೆ. ಈ ಎಲ್ಲದರ ಭಾರವು ಬೀಳುವುದು ತಿಂಗಳಿಗೆ ಎಣಿಸಿದಷ್ಟು ಸಂಬಳ ಪಡೆಯುವ ಆ ಒಬ್ಬರ ಮೇಲೆ. ನಾಯಿಯನ್ನು ಪ್ರೀತಿಸುತ್ತೇನೆಂದು ಹೇಳಿಕೊಂಡು, ಅವಳ ಕೂದಲನ್ನೂ ಮಲವನ್ನೂ ಇನ್ನೊಬ್ಬರ ಕೈಗೆ ಬಿಟ್ಟು ಕಾರು ಹತ್ತುವವರನ್ನು ನಾನು ಕಂಡಿದ್ದೇನೆ. ಅಂಥ ಒಬ್ಬರು ಹೋದ ತರುವಾಯ ಆ ಬಾಗಿಲು ಎಲ್ಲ ನಾಯಿಗಳಿಗೂ ಮುಚ್ಚಿಹೋಗುತ್ತದೆ. ನನಗೆ ಮರಳಿ ಸರಿದ ಬೀಗದಕೈಯ ಹಿಂದೆಯೂ, ನನಗಿಂತ ಮೊದಲು ಬಂದು ಹೋದ ಅಂಥವರು ಯಾರಾದರೂ ಇದ್ದಿರಬಹುದು.

ನಾನೂ ತಪ್ಪು ಮಾಡದವನಲ್ಲ. ಕೆಂಚಿಗೆ ಎರಡು ವರ್ಷವಾಗಿದ್ದಾಗ ಮೈಸೂರಿನ ಒಂದು ವಸತಿಗೃಹದಲ್ಲಿ, ಅವಳು ನಿದ್ರೆಹೋಗಿದ್ದಾಳೆಂದು ನಂಬಿ ಕೋಣೆಯ ಬಾಗಿಲನ್ನೆಳೆದುಕೊಂಡು ಊಟಕ್ಕೆ ಕೆಳಗಿಳಿದೆವು. ಮುಕ್ಕಾಲು ಗಂಟೆಯ ತರುವಾಯ ಮೆಟ್ಟಿಲನ್ನು ಹತ್ತುತ್ತಿರುವಾಗಲೇ ಅವಳ ಊಳು ಕೇಳಿಸಿತು. ಬಾಗಿಲಿನ ಒಳಮೈಯಲ್ಲಿ ಚಿಲಕದ ಕೆಳಗಿನಿಂದ ನೆಲದವರೆಗೆ ಉಗುರಿನ ಗೀರುಗಳು. ಪಕ್ಕದ ಕೋಣೆಯ ದಂಪತಿಗಳು ಹಸುಗೂಸನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ನಿಂತಿದ್ದರು. ಮರಗೆಲಸದವರ ಖರ್ಚನ್ನು ತೆತ್ತು, ಆ ದಂಪತಿಗಳ ಕ್ಷಮೆಯನ್ನೂ ಕೇಳಿದೆವು; ಆದರೆ ಆ ರಾತ್ರಿ ನನಗೆ ನೋವಾದದ್ದು ಬಾಗಿಲಿಗಾಗಿಯಲ್ಲ. ನಮಗೆ ವಸತಿಗೃಹವೆಂದರೆ ಬೆಳಗಾದರೆ ಬಿಡುವ ಸ್ಥಳವೆಂಬುದು ಗೊತ್ತು. ಅವಳಿಗೆ ಅದು ಹೇಗೆ ಗೊತ್ತಾಗಬೇಕು? ಗುರುತಿಲ್ಲದ ಊರಿನ ಗುರುತಿಲ್ಲದ ಗೋಡೆಗಳ ನಡುವೆ ಬಿಟ್ಟುಹೋದರೆಂದರೆ ಬಿಟ್ಟೇ ಹೋದರೆಂದು ಅವಳು ತಿಳಿದಿದ್ದಿರಬೇಕು. ಅಂದಿನಿಂದ ಪ್ರಯಾಣದಲ್ಲಿ ನಾನೂ ನನ್ನ ಹೆಂಡತಿಯೂ ಒಟ್ಟಿಗೆ ಕುಳಿತು ಊಟಮಾಡಿದ್ದಿಲ್ಲ. ಒಬ್ಬರು ಊಟಕ್ಕೆ ಹೋದರೆ ಒಬ್ಬರು ಅವಳೊಡನೆ ಕೋಣೆಯಲ್ಲಿರುತ್ತೇವೆ.

ಹೊರಡುವ ಮುನ್ನ ದೂರವಾಣಿಯಲ್ಲಿ ಮಾತನಾಡಿಕೊಳ್ಳುವುದನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಈಗ ಜಾಹೀರಾತುಗಳಲ್ಲಿ ಕಾಣುವ ‘ಪೆಟ್ ಫ್ರೆಂಡ್ಲಿ’ ಎಂಬ ಮಾತಿಗೆ ಒಬ್ಬೊಬ್ಬರಲ್ಲಿ ಒಂದೊಂದು ಅರ್ಥ. ಕೆಲವರಲ್ಲಿ ನಾಯಿಯು ಕೋಣೆಯೊಳಗೇ ಇರಬಹುದು. ಕೆಲವರಲ್ಲಿ ಹಿತ್ತಲಿನ ಗೂಡಿನಲ್ಲಿ ಮಾತ್ರ. ಕೆಲವರಲ್ಲಿ ತೂಕದ ಮಿತಿಯುಂಟು. ಕೆಲವರು ಬಾಡಿಗೆಯ ಮೇಲೆ ಬೇರೆ ಹಣವನ್ನು ಕೇಳುತ್ತಾರೆ. ಹಣ ಕೇಳುವುದು ನ್ಯಾಯವೇ. ಕೋಣೆಯನ್ನು ಎರಡು ಸಲ ತೊಳೆಯಬೇಕಲ್ಲವೆ? ನನ್ನ ಮನಸ್ಸಿಗೆ ಒಗ್ಗದಿರುವ ಪ್ರಶ್ನೆ ಒಂದೇ. “ಯಾವ ಬ್ರೀಡ್ ಸಾರ್?” ಎಂದು ಕೇಳಿ, ನಾಡನಾಯಿಯೆಂಬ ಉತ್ತರಕ್ಕೆ ಆಚೆಯ ಧ್ವನಿಯು ಇದ್ದಕ್ಕಿದ್ದಂತೆ ತಣ್ಣಗಾಗುವುದನ್ನು ಹಲವು ಸಲ ಅನುಭವಿಸಿದ್ದೇನೆ. ಈ ನೆಲದ ಬಿಸಿಲನ್ನೂ ಮಳೆಯನ್ನೂ ಎಷ್ಟೋ ತಲೆಮಾರುಗಳಿಂದ ಸಹಿಸಿ ಬಂದ ಗಿಡ್ಡ ಕೂದಲಿನ ಜೀವಕ್ಕೆ, ಚಳಿದೇಶದ ದಪ್ಪ ತುಪ್ಪಳದ ನಾಯಿಗೆ ಸಿಗುವ ಕೋಣೆ ಸಿಗದೆಂದರೆ ಅದನ್ನು ಶುಚಿಯ ನಿಯಮವೆಂದು ನಾನು ಒಪ್ಪಲಾರೆ. ಆದರೂ ಮುಚ್ಚಿಡದೆ ಹೇಳಿಯೇ ಹೇಳುತ್ತೇನೆ. ಗುಟ್ಟಾಗಿ ಹಿಂಬಾಗಿಲಿನಿಂದ ನಾಯಿಯನ್ನು ಕೋಣೆಗೆ ಸೇರಿಸಿದ ಅತಿಥಿಗೆ ರಾತ್ರಿಯಿಡೀ ನೆಮ್ಮದಿಯಿಲ್ಲ. ಅವನ ಕಳವಳವು ನಾಯಿಗೂ ಅಂಟುತ್ತದೆ, ಅದು ಬೊಗಳುತ್ತದೆ.

ಕೋಣೆ ದೊರೆತ ಮೇಲೆ ಅವಳು ಅದನ್ನು ನೋಡುವ ರೀತಿಯೇ ಬೇರೆ. ನಾವು ಹಾಸಿಗೆ ಶುಭ್ರವಾಗಿದೆಯೇ, ಬಿಸಿನೀರು ಬರುತ್ತದೆಯೇ ಎಂದು ನೋಡುತ್ತೇವೆ. ಮನುಷ್ಯನ ಮೂಗಿನಲ್ಲಿ ವಾಸನೆಯನ್ನು ಹಿಡಿಯುವ ಕೋಶಗಳು ಸುಮಾರು 50 ಲಕ್ಷವೆಂದೂ ನಾಯಿಯ ಮೂಗಿನಲ್ಲಿ 20 ಕೋಟಿಗೂ ಮೇಲೆಂದೂ ಬಲ್ಲವರು ಹೇಳುತ್ತಾರೆ. ಆದುದರಿಂದ ನಮಗೆ ಖಾಲಿಯಾಗಿ ತೋರುವ ಕೋಣೆಯು ಅವಳಿಗೆ ಖಾಲಿಯಲ್ಲ. ಹಿಂದಿನ ರಾತ್ರಿ ಮಲಗಿದ್ದವರು, ಅವರು ತಿಂದ ಮೀನು, ಮೂಲೆಯಲ್ಲಿ ಓಡಾಡಿದ ಇಲಿ, ಇವೆಲ್ಲ ಅವಳಿಗೆ ಅಲ್ಲಿ ಇನ್ನೂ ಇರುತ್ತವೆ. ಮಂಚದ ಕೆಳಗನ್ನು, ಬಾಗಿಲ ಸಂದನ್ನು, ಬಚ್ಚಲಿನ ಹೊಸ್ತಿಲನ್ನು ಒಂದೂ ಬಿಡದೆ ಮೂಸಿ ಮುಗಿಸುವವರೆಗೆ ನಾವು ಪೆಟ್ಟಿಗೆಯನ್ನು ಬಿಚ್ಚುವುದಿಲ್ಲ. ಫಿನಾಯಿಲಿನಿಂದ ಆಗತಾನೇ ಒರೆಸಿದ ನೆಲವಾದರೆ ಅವಳು ಸೀನಿ ಹಿಂದೆ ಸರಿಯುತ್ತಾಳೆ. ಅಂಥ ಕಡೆ ಬರಿಯ ನೀರಿನಲ್ಲಿ ಮತ್ತೊಮ್ಮೆ ನಾವೇ ಒರೆಸುತ್ತೇವೆ. ತರುವಾಯ ಮನೆಯಿಂದ ತಂದ ಅವಳ ಹಳೆಯ ಕಂಬಳಿಯನ್ನು, ಒಗೆಯದೆಯೇ ತಂದುದನ್ನು, ಗೋಡೆಯ ಪಕ್ಕಕ್ಕೆ ಹಾಸುತ್ತೇವೆ. ತನ್ನ ವಾಸನೆಯೇ ಇರುವ ಆ ಮೂರಡಿ ಜಾಗದಲ್ಲಿ ಅವಳು ಎರಡು ಸುತ್ತು ಸುತ್ತಿ ಮಲಗಿದಳೆಂದರೆ ನಮಗೂ ಬಿಡಾರ ಸಿಕ್ಕಿದಂತೆ.

ಊಟದ ವಿಚಾರವಾಗಿ ಹೆಚ್ಚು ಹೇಳಬೇಕಾದುದಿಲ್ಲ. ಹೋಟೆಲಿನ ಸಾಂಬಾರು, ಪಲ್ಯ, ಸಾಗುಗಳಲ್ಲಿ ಈರುಳ್ಳಿ ಬೆಳ್ಳುಳ್ಳಿಗಳು ಇದ್ದೇ ಇರುತ್ತವೆ, ಅವು ನಾಯಿಯ ರಕ್ತಕ್ಕೆ ಕೆಡುಕು. ದ್ರಾಕ್ಷಿಯೂ ಚಾಕೊಲೇಟೂ ವಿಷಸಮಾನ. ಒಗ್ಗರಣೆಯಿಲ್ಲದ ಮೊಸರನ್ನ ಎಲ್ಲ ಊರುಗಳಲ್ಲಿಯೂ ಸಿಗುತ್ತದೆ. ದಾರಿಯಲ್ಲಿ ಕಾಫಿಗೆಂದು ಇಳಿದಾಗ ಮುಚ್ಚಿದ ಕಾರಿನಲ್ಲಿ ಅವಳನ್ನು ಐದು ನಿಮಿಷವೂ ಬಿಡಕೂಡದು. ಬೆವರಿ ಮೈ ತಣಿಸಿಕೊಳ್ಳುವ ಶಕ್ತಿ ನಾಯಿಗೆ ಬಹಳ ಕಡಿಮೆ, ಏದುಸಿರೇ ಅದರ ಬೀಸಣಿಗೆ.

ಮಲೆನಾಡಿನ ಮತ್ತು ಕೊಡಗಿನ ಹೋಮ್‌ಸ್ಟೇಗಳು ಈ ಕಾಲದಲ್ಲಿ ನಾಯಿಯೊಡನೆ ಹೊರಟವರಿಗೆ ದೊಡ್ಡ ಆಸರೆಯಾಗಿವೆ. ತೋಟದ ಮನೆಗಳಲ್ಲಿ ನಾಯಿ ಇಲ್ಲದ ಮನೆಯೇ ಅಪರೂಪ. ನಾಯಿಯನ್ನು ಕುರಿತು ವಿವರಿಸಿ ಹೇಳಬೇಕಾದ ಕಷ್ಟ ಅಲ್ಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಓದಿದವರಿಗೆ, ಕಾಡುದಾರಿಯಲ್ಲಿ ನಡೆವ ಗುತ್ತಿಯೊಡನೆ ಹುಲಿಯನೆಂಬ ಅವನ ನಾಯಿಯೂ ನಡೆಯುವುದು ನೆನಪಿರಬಹುದು. ಊರವರ ಬಾಯಲ್ಲಿ ಅವನು ನಾಯಿಗುತ್ತಿಯೇ ಆಗಿಹೋಗಿದ್ದಾನೆ. ತೇಜಸ್ವಿಯವರ ಬರೆಹದಲ್ಲಿ ಅವರ ನಾಯಿ ‘ಕಿವಿ’ಯು ಬಾರದಿದ್ದರೆ ಮೂಡಿಗೆರೆಯ ಆ ಕಾಡುಗಳು ನಮಗೆ ಅಷ್ಟು ಹತ್ತಿರವಾಗುತ್ತಿದ್ದುವೇ ಎಂದು ನಾನು ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಆದರೆ ಪೇಟೆಯ ನಾಯಿಗೆ ಆ ಸೀಮೆ ಹೊಸದು. ಮನೆಯ ನಾಯಿಗಳು ತಮ್ಮ ಅಂಗಳಕ್ಕೆ ಬಂದ ಹೊಸಬಳನ್ನು ಒಡನೆಯೇ ಒಪ್ಪುವುದಿಲ್ಲ. ಗೇಟಿನಲ್ಲಿ ಮುಖಾಮುಖಿ ನಿಲ್ಲಿಸುವುದಕ್ಕಿಂತ, ಹೊರಗಿನ ರಸ್ತೆಯಲ್ಲಿ ಎರಡನ್ನೂ ಸ್ವಲ್ಪ ದೂರ ಅಕ್ಕಪಕ್ಕದಲ್ಲಿ ನಡೆಸಿಕೊಂಡು ಬಂದು ಒಟ್ಟಿಗೆ ಒಳಗೆ ಹೋಗುವುದು ಲೇಸೆಂದು ಕೊಡಗಿನ ಒಬ್ಬ ಹಿರಿಯರು ನನಗೆ ಕಲಿಸಿಕೊಟ್ಟರು. ಆ ಉಪಾಯ ಒಮ್ಮೆಯೂ ತಪ್ಪಿಲ್ಲ. ಮಳೆಗಾಲದಲ್ಲಿ ಇಂಬಳಗಳು ಬೆರಳುಗಳ ಸಂದಿಗೆ ಹತ್ತುತ್ತವೆ, ಒಮ್ಮೊಮ್ಮೆ ಮೂಗಿನೊಳಕ್ಕೂ ಸೇರುತ್ತವೆ. ಬೇಸಗೆಯಲ್ಲಿ ಉಣುಗು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯು ಹರಡುವುದು ಕಾಡಿನ ಈ ಉಣುಗುಗಳಿಂದಲೇ ಆದುದರಿಂದ, ಆ ಭಾಗಗಳಲ್ಲಿ ಕಾಯಿಲೆಯ ಸುದ್ದಿಯಿರುವ ತಿಂಗಳುಗಳಲ್ಲಿ ನಾಯಿಯನ್ನು ಕಾಡಿನೊಳಕ್ಕೆ ಬಿಟ್ಟು, ಅದರ ಮೈಯನ್ನು ನೋಡದೆ ಕೋಣೆಗೆ ಕರೆತರುವುದು ನಮಗೂ ಮನೆಯವರಿಗೂ ಅಪಾಯ. ಕತ್ತಲಾದ ಮೇಲೆ ಅಂಗಳದಲ್ಲಿಯೂ ಕಟ್ಟಕೂಡದು. ಚಿರತೆಗೆ ನಾಯಿಯೆಂದರೆ ಸುಲಭದ ಬೇಟೆ, ಸರಪಳಿಯಲ್ಲಿ ಕಟ್ಟಿದ ನಾಯಿಯಂತೂ ಓಡಿ ತಪ್ಪಿಸಿಕೊಳ್ಳಲೂ ಆರದು.

ನಾಗರಹೊಳೆ, ಬಂಡೀಪುರಗಳಂಥ ರಕ್ಷಿತಾರಣ್ಯಗಳಿಗೆ ನಾಯಿಯನ್ನು ಕರೆದೊಯ್ಯುವ ಆಸೆಯನ್ನು ಇಟ್ಟುಕೊಳ್ಳಲೇಬಾರದು. ಇಲ್ಲಿ ನಾನು ನಿಷೇಧದ ಪಕ್ಷ. ನಾಯಿಗಳ ಡಿಸ್ಟೆಂಪರ್ ರೋಗವು ಕಾಡುಪ್ರಾಣಿಗಳಿಗೆ ತಗುಲಿದರೆ ಏನಾಗುತ್ತದೆಂಬುದನ್ನು ಆಫ್ರಿಕದ ಸೆರೆಂಗೆಟಿ 1994ರಲ್ಲಿ ಕಂಡಿತು. ಅಲ್ಲಿನ ಸಿಂಹಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಸತ್ತವು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಕೆಲವೇ ವಾರಗಳಲ್ಲಿ ಸತ್ತಾಗಲೂ ಅದೇ ವೈರಸ್ಸು ಪತ್ತೆಯಾಯಿತು. ನಮ್ಮ ಕಾಡಿನ ಸೀಳುನಾಯಿಗಳು ಕೆಂಚಿಯ ದೂರದ ಬಂಧುಗಳು. ಅವುಗಳ ಮನೆಗೆ ಅವಳನ್ನು ಒಯ್ಯದಿರುವುದೇ ಬಾಂಧವ್ಯ.

ರೈಲಿನಲ್ಲಿ ಹೋಗುವ ರಾತ್ರಿಯೂ ಒಂದು ಬಗೆಯ ಬಿಡಾರವೇ. ಹವಾನಿಯಂತ್ರಿತ ಪ್ರಥಮ ದರ್ಜೆಯಲ್ಲಿ ಎರಡು ಮಂಚದ ಕೂಪೆಯನ್ನೋ ನಾಲ್ಕು ಮಂಚದ ಕ್ಯಾಬಿನ್ನನ್ನೋ ಪೂರ್ತಿಯಾಗಿ ನಮ್ಮದಾಗಿ ಪಡೆದರೆ ನಾಯಿಯನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಎರಡನೆಯ, ಮೂರನೆಯ ದರ್ಜೆಗಳಲ್ಲಿಯೂ ಸ್ಲೀಪರಿನಲ್ಲಿಯೂ ಅದಕ್ಕೆ ಅವಕಾಶವಿಲ್ಲ. ಕೂಪೆಯೇ ಬೇಕೆಂದು ರೈಲ್ವೆ ಅಧಿಕಾರಿಗಳಿಗೆ ಮುಂಚಿತವಾಗಿ ಅರ್ಜಿ ಬರೆದುಕೊಂಡರೂ, ಅದು ದೊರೆತಿತೇ ಇಲ್ಲವೇ ಎಂಬುದು ಪಟ್ಟಿ ಹೊರಬಿದ್ದಾಗಲೇ ತಿಳಿಯುವುದು. ಅಲ್ಲಿಯವರೆಗಿನ ಆತಂಕವನ್ನು ಅನುಭವಿಸಿದವರೇ ಬಲ್ಲರು. ಆಮೇಲೆ ಪಾರ್ಸೆಲ್ ಕಚೇರಿಗೆ ಹೋಗಿ, ಲಸಿಕೆಯ ಪುಸ್ತಕವನ್ನೂ ಪಶುವೈದ್ಯರ ಪತ್ರವನ್ನೂ ತೋರಿಸಿ, ತೂಕದ ಮೇಲೆ ನಾಯಿಗೆ ಟಿಕೆಟ್ಟು ಮಾಡಿಸಬೇಕು. ಉಳಿದದ್ದು ಗಾರ್ಡಿನ ಡಬ್ಬಿಯಲ್ಲಿರುವ ನಾಯಿಪೆಟ್ಟಿಗೆ. ಅದನ್ನು ನಾನು ಒಮ್ಮೆ ಬಗ್ಗಿ ನೋಡಿದೆ. ಕಬ್ಬಿಣದ ಆ ಕತ್ತಲೆಯಲ್ಲಿ, ಹಳಿಯ ಸದ್ದಿನ ನಡುವೆ, ಒಂದು ರಾತ್ರಿಯಿಡೀ ಅವಳನ್ನು ಒಬ್ಬಳೇ ಬಿಡುವ ಧೈರ್ಯ ನನಗಾಗಲಿಲ್ಲ. ಅಂದಿನ ಪ್ರಯಾಣವನ್ನು ರದ್ದುಮಾಡಿಕೊಂಡು ಮನೆಗೆ ಹಿಂದಿರುಗಿದೆವು.

ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗಲೆಲ್ಲ ಮದ್ದೂರಿನ ಹತ್ತಿರ ನನಗೆ ಆತಕೂರಿನ ನೆನಪಾಗುತ್ತದೆ. ಮಂಡ್ಯ ಜಿಲ್ಲೆಯ ಆ ಊರಿನಲ್ಲಿ ದೊರೆತು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದಲ್ಲಿರುವ, ಕ್ರಿ.ಶ. 949-50ರ ಕಾಲದ ಶಾಸನವೊಂದು ನಾಯಿಯ ಸ್ಮಾರಕ. ತಕ್ಕೋಲದ ಯುದ್ಧದಲ್ಲಿ ಗಂಗರ ಬೂತುಗನ ಕಡೆಯಿಂದ ಹೋರಾಡಿದ ಮಣಲೇರನೆಂಬ ವೀರನಿಗೆ ಅವನ ಒಡೆಯನು ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಅವನು ಕೇಳಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿಯು ಮುಂದೆ ಬೇಳತೂರಿನ ಬೆಟ್ಟದ ಬಳಿಯಲ್ಲಿ ದೊಡ್ಡದೊಂದು ಕಾಡುಹಂದಿಯೊಡನೆ ಕಾದಿ, ಹಂದಿಯೂ ತಾನೂ ಒಟ್ಟಿಗೆ ಸತ್ತಿತು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪವು ತಗುಲುವುದೆಂದೂ ಕೆತ್ತಿಸಿದರು. ದೇವಾಲಯದ ಮುಂದೆಯೇ ನಾಯಿಗೆ ಸ್ಥಾನ ಕೊಟ್ಟ ಊರು ಅದು. ಹಂದಿಯ ಮೇಲೆ ಹಲ್ಲೂರಿ ನಿಂತ ಕಾಳಿಯ ಶಿಲ್ಪದ ಎದುರು ಕೆಂಚಿಯನ್ನು ನಿಲ್ಲಿಸಬೇಕೆಂದು ಬಹಳ ಸಲ ಅನ್ನಿಸಿದೆ. ವಸ್ತುಸಂಗ್ರಹಾಲಯಕ್ಕೆ ನಾನೊಬ್ಬನೇ ಹೋಗಿ ನೋಡಿ ಬಂದಿದ್ದೇನೆ.

ಇನ್ನು ಸಕಲೇಶಪುರದ ಆ ರಾತ್ರಿಗೆ ಬರುತ್ತೇನೆ. ನಾಲ್ಕನೆಯದು ಹಳೆಯ ಪೇಟೆಯ ಒಂದು ಸಣ್ಣ ಲಾಡ್ಜು. ಮಂಗಳೂರು ಹೆಂಚಿನ ಸೂರು, ಮುಂದೆ ಮರದ ಕಂಬಗಳ ಜಗುಲಿ. ಮಫ್ಲರು ಸುತ್ತಿಕೊಂಡು ಕುಳಿತಿದ್ದ ಎಪ್ಪತ್ತು ದಾಟಿದ ಮಾಲೀಕರಿಗೆ, ಈ ಸಲ ನಾನು ಕೋಣೆ ಕೇಳುವುದಕ್ಕೂ ಮೊದಲೇ, ಜೊತೆಯಲ್ಲಿ ನಾಯಿಯಿದೆಯೆಂದು ಹೇಳಿದೆ.

“ಮಳೇಲಿ ಯಾಕೆ ನಿಲ್ಸಿದೀರಿ ಅದನ್ನ? ಕರ್ಕೊಂಡು ಬನ್ನಿ ಒಳಗೆ” ಎಂದರು.

ಅವರು ತಾವೇ ಟಾರ್ಚು ಹಿಡಿದು, ಕೆಳಗಿನ ಅಂತಸ್ತಿನ ಹಿಂಭಾಗದ ಕೋಣೆಯೊಂದನ್ನು ತೆರೆಸಿದರು. ಕೆಂಪು ಗಾರೆಯ ನುಣುಪು ನೆಲ, ಹಿತ್ತಲಿಗೆ ತೆರೆಯುವ ಬಾಗಿಲು, ಗೋಡೆಯಲ್ಲಿ ಮೊಳಕಾಲೆತ್ತರಕ್ಕೆ ಒಂದು ಕಬ್ಬಿಣದ ಬಳೆ. ಆ ಬಳೆಯನ್ನು ತೋರಿಸಿ ಅವರು ಹೇಳಿದರು: “ಇದು ನಮ್ಮಪ್ಪ ಹಾಕ್ಸಿದ್ದು. ತೋಟದೋರು ಸಂತೆಗೆ, ಬ್ಯಾಂಕ್ ಕೆಲ್ಸಕ್ಕೆ ಅಂತ ಇಳಿದು ಬರೋರು, ಜೀಪಲ್ಲಿ ನಾಯಿ ಇದ್ದೇ ಇರೋದು. ಅವರಿಗೇ ಅಂತ ಈ ರೂಮು. ಈಗ ಯಾರೂ ಕೇಳಲ್ಲ.” ಬಳಿಕ, ಬೆರಳು ಮಡಿಸುತ್ತ: “ಮಂಚ ಹತ್ತಿಸ್ಬೇಡಿ. ನಮ್ಮ ಟವಲ್ಲಲ್ಲಿ ಮೈ ಒರೆಸ್ಬೇಡಿ. ಹಿತ್ಲಲ್ಲಿ ಏನಾದ್ರೂ ಮಾಡಿದ್ರೆ ನೀವೇ ತೆಗೆದುಬಿಡಿ. ಇಷ್ಟೇನೆ.”

ಎಷ್ಟೋ ದೊಡ್ಡ ವಸತಿಗೃಹಗಳ ಅಚ್ಚಾದ ನಿಯಮಾವಳಿಗಳನ್ನು ನಾನು ಓದಿದ್ದೇನೆ. ಆ ಮೂರು ಬೆರಳಿನ ನಿಯಮಗಳಿಗಿಂತ ಹೆಚ್ಚಿನದು ಯಾವುದರಲ್ಲಿಯೂ ಇರಲಿಲ್ಲ. ಆ ಕೆಂಪು ನೆಲದ ಬೆಲೆಯೂ ಅಂದೇ ನನಗೆ ತಿಳಿದದ್ದು. ಕಂಬಳಿ ಹಾಸಿದ ನೆಲ, ಬಟ್ಟೆ ಹೊದಿಸಿದ ಕುರ್ಚಿ, ಪರದೆಯ ಮೇಲೆ ಪರದೆ ಇರುವ ಕೋಣೆಗಳು ನಾಯಿಗೆ ಹೆದರಬೇಕಾದದ್ದು ಸಹಜ. ಒಂದು ಬಕೆಟ್ಟು ನೀರಿನಿಂದ ಮತ್ತೆ ಹೊಸದಾಗುವ ನೆಲಕ್ಕೆ ಯಾವ ಹೆದರಿಕೆಯೂ ಇಲ್ಲ. ರಾತ್ರಿಯೆಲ್ಲ ಹೆಂಚಿನ ಮೇಲೆ ಮಳೆ ಸುರಿಯಿತು. ಕೆಂಚಿಯನ್ನು ನಾವು ಬಳೆಗೆ ಕಟ್ಟಲಿಲ್ಲ. ಆದರೂ ಅವಳು ಹಿಂದೆ ಎಷ್ಟೋ ನಾಯಿಗಳು ಮಲಗಿದ್ದ ಆ ಬಳೆಯ ಕೆಳಗನ್ನೇ ಬಹಳ ಹೊತ್ತು ಮೂಸಿ, ಕಂಬಳಿಯನ್ನು ಅಲ್ಲಿಗೆ ಎಳೆದುಕೊಂಡು ಹೋಗಿ ಮಲಗಿದಳು.

ಬೆಳಿಗ್ಗೆ ಗುಡಿಸಲು ಬಂದ ಹೆಂಗಸು ಬಾಗಿಲಲ್ಲಿಯೇ ನಿಂತು ನಾಯಿಯನ್ನೂ ನೆಲವನ್ನೂ ಒಂದಾದ ಮೇಲೊಂದು ನೋಡಿದಳು. ನೆಲವನ್ನು ನಾವು ಆಗಲೇ ಗುಡಿಸಿ ಒರೆಸಿ, ಕೂದಲನ್ನು ಕಾಗದದಲ್ಲಿ ಸುತ್ತಿ ಇಟ್ಟಿದ್ದೆವು. ಅವಳು ಬಗ್ಗಿ ಮಂಚದ ಕೆಳಗನ್ನೂ ನೋಡಿದಳು. “ರಾತ್ರಿ ಎಲ್ ಮಲಗಿತ್ತಮ್ಮಾ ಇದು?” ಎಂದು ನನ್ನ ಹೆಂಡತಿಯನ್ನು ಕೇಳಿದಳು, ಬಳೆಯ ಕೆಳಗಿನ ಜಾಗವನ್ನು ತೋರಿಸಿದಾಗ ತಲೆಯಾಡಿಸಿ, ಪೊರಕೆಯನ್ನು ಗೋಡೆಗೊರಗಿಸಿ, ಅದರ ಹೆಸರೇನೆಂದು ವಿಚಾರಿಸಿದಳು. ಕೆಂಚಿಯೆಂದೊಡನೆ ನಕ್ಕು, ತಮ್ಮ ಮನೆಯ ಹಸುವಿಗೂ ಅದೇ ಹೆಸರೆಂದಳು.

ಇದಾಗಿ ನಾಲ್ಕು ವರ್ಷಗಳಾದುವು. ಸೋದರತ್ತೆ ತೀರಿಕೊಂಡರು. ಕಳೆದ ಮಾಗಿಯಲ್ಲಿ ಅವರ ವರ್ಷಾಬ್ದಿಕಕ್ಕೆಂದು ಪುತ್ತೂರಿಗೆ ಹೊರಟಾಗ ಕೆಂಚಿಗೆ 13 ತುಂಬಿದ್ದಿತು. ಹಿಂಗಾಲುಗಳಲ್ಲಿ ಬಲ ಕುಂದಿ, ಮೆಟ್ಟಿಲುಗಳನ್ನು ಕಂಡರೆ ನಿಂತುಬಿಡುತ್ತಿದ್ದಳು. ಘಾಟಿಯ ರಸ್ತೆ ತೆರೆದೇ ಇದ್ದಿತು, ಒಂದೇ ಹಗಲಿನಲ್ಲಿ ಹೋಗಿ ಮುಟ್ಟಬಹುದಾಗಿತ್ತು. ಅವಳಿಗಾಗಿ ಪ್ರಯಾಣವನ್ನು ಎರಡು ಭಾಗ ಮಾಡಿಕೊಂಡು, ಆ ಲಾಡ್ಜಿಗೆ ದೂರವಾಣಿ ಮಾಡಿದೆ. ಮಾತನಾಡಿದವರು ಹಿರಿಯರ ಮಗ. ತಂದೆಯವರು ಈಗ ಮನೆಯಲ್ಲಿಯೇ ಇರುತ್ತಾರೆಂದೂ, ಹಳೆಯ ಕಟ್ಟಡವನ್ನು ತೆಗೆದು ಮೂರಂತಸ್ತಿನದನ್ನು ಕಟ್ಟಿಸಿದ್ದೇವೆಂದೂ, ಕೆಳಗಿನ ಅಂತಸ್ತೆಲ್ಲ ವಾಹನಗಳ ನಿಲುಗಡೆಯೆಂದೂ ಹೇಳಿದರು. ನಾಯಿಯ ಮಾತನ್ನೆತ್ತಿದೆ. ಆಚೆಯಿಂದ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ಯಾರನ್ನೋ ಕೇಳುತ್ತಿದ್ದಂತೆ ತೋರಿತು. “ಬನ್ನಿ ಸಾರ್. ಕೆಳಗೆ ರೂಮಿಲ್ಲ, ಆದ್ರೆ ಲಿಫ್ಟ್ ಇದೆ. ಮಂಚ ಮಾತ್ರ ಹತ್ತಿಸ್ಬೇಡಿ ಅಂತ ಅಪ್ಪ ಹೇಳ್ತಿದಾರೆ.”

ಸಂಜೆಗೆ ತಲುಪಿದೆವು. ಕೆಂಚಿ ತನ್ನ ಆಯುಷ್ಯದಲ್ಲಿ ಲಿಫ್ಟನ್ನು ಹತ್ತಿದವಳಲ್ಲ. ತೆರೆದುಕೊಂಡ ಉಕ್ಕಿನ ಬಾಗಿಲಿನ ಮುಂದೆ ನಿಂತು, ನೆಲಕ್ಕೂ ಪೆಟ್ಟಿಗೆಗೂ ನಡುವಣ ಸೀಳಿನಿಂದ ಮೇಲೇರಿ ಬರುತ್ತಿದ್ದ ತಣ್ಣನೆಯ ಗಾಳಿಯನ್ನು ಮೂಸಿ, ಮುಂಗಾಲೊಂದನ್ನು ಮುಂದಿಟ್ಟು, ಮರಳಿ ಎಳೆದುಕೊಂಡಳು. ನಾನು ಎತ್ತಿಕೊಳ್ಳಲು ಬಗ್ಗಿದೆ. ನಮ್ಮ ಪೆಟ್ಟಿಗೆಗಳನ್ನು ಹಿಡಿದಿದ್ದ ಹುಡುಗ “ಬೇಡ ಇರಿ ಸಾರ್” ಎಂದು ಅವುಗಳನ್ನು ಬಾಗಿಲು ಮುಚ್ಚದಂತೆ ಅಡ್ಡ ಇಟ್ಟು, ತಾನು ಒಳಗೆ ಹೋಗಿ, ಲಿಫ್ಟಿನ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತು, ಅವಳ ಕಡೆಗೆ ನೋಡದೆ ಸುಮ್ಮನಾದನು. ಹಿಂದೆ ಬಂದಿದ್ದ ಇಬ್ಬರು ಅತಿಥಿಗಳು ಮಾತಿಲ್ಲದೆ ಮೆಟ್ಟಿಲುಗಳ ಕಡೆಗೆ ಹೊರಟರು. ಬಹಳ ಹೊತ್ತಾದ ಮೇಲೆ ಕೆಂಚಿ ಸೀಳನ್ನು ದಾಟಿ, ಉಗುರುಗಳ ಸದ್ದುಮಾಡುತ್ತ ಒಳಗೆ ನಡೆದು, ಅವನ ಮೊಳಕಾಲಿಗೆ ಮೈಯನ್ನು ಆನಿಸಿ ಕುಳಿತಳು.